ಓಟದ ಕುದುರೆಯಿಂದ ಹೈನುಗಾರರಿಗೆ ಪಾಠ: ತಂದೆಯ ಬೆಲೆ ತಿಳಿಯುವುದು ಮಕ್ಕಳಿಂದ



ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ರೈತರಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡದವರು ಕಡಿಮೆ. ಅಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಕೊಂಬು ಗೊರಸು ಪರೀಕ್ಷಿಸುತ್ತಾರೆ, ನಡೆಸಿಯೂ ನೋಡುತ್ತಾರೆ. ಹಾಲಿನ ಹಸು ಕೊಳ್ಳುವವರು ಕೆಚ್ಚಲು, ಮೊಲೆ ನೋಡಿ, ಎರಡು ಹೊತ್ತು ಕರೆದು ಅಳೆಯುತ್ತಾರೆ. ಎದುರಿಗಿರುವ ರಾಸು ನಮ್ಮ ಕೆಲಸಕ್ಕೆ ಬರುತ್ತದೆಯೇ ಎಂದು ತಿಳಿಯಲು ಈ ಪರೀಕ್ಷೆಗಳು ಬೇಕು. ಆದರೆ "ಇದಕ್ಕೆ ಹುಟ್ಟುವ ಕರು ಹೇಗಿರುತ್ತದೆ?" ಎಂಬ ಪ್ರಶ್ನೆಗೆ ಇವು ಉತ್ತರ ಕೊಡುವುದಿಲ್ಲ.

ಈ ಪ್ರಶ್ನೆ ಹೈನುಗಾರರಿಗೆ ಸಣ್ಣದಲ್ಲ. ಇಂದು ನಿಮ್ಮ ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದರೆ ಒಂಬತ್ತು ತಿಂಗಳಿಗೆ ಕರು. ಅದು ಹೆಣ್ಣಾಗಿ, ಬೆಳೆದು, ಗಬ್ಬವಾಗಿ, ಕರು ಹಾಕಿ, ಅದರ ಹಾಲು ಸಂಘದ ಕ್ಯಾನಿಗೆ ಬೀಳಲು ಸುಮಾರು ಮೂರೂವರೆ ವರ್ಷ ಬೇಕು. ಅಷ್ಟು ಕಾಲ ಮೇವು, ಹಿಂಡಿ, ಔಷಧದ ಖರ್ಚು ನಿಮ್ಮದು. ತಂದೆ ಹೋರಿಯ ಆಯ್ಕೆ ತಪ್ಪಿತೆಂದು ಗೊತ್ತಾಗುವುದು ಈ ಖರ್ಚೆಲ್ಲ ಆದ ಮೇಲೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ನಂತರ ನಮ್ಮ ತಾಲ್ಲೂಕಿನಲ್ಲಿ ಮೇವು ಬೆಳೆಯುವ ಭೂಮಿಯೂ ಕಡಿಮೆಯಾಗುತ್ತಿದೆ. ಕಟ್ಟುವ ರಾಸು ಎರಡೇ ಆದರೂ ಒಳ್ಳೆಯದೇ ಆಗಿರಬೇಕಾದ ಕಾಲ ಇದು.

ಹುಟ್ಟುವ ಮರಿ ಹೇಗಿರುತ್ತದೆ ಎಂಬ ಇದೇ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಹಣ ಸುರಿದು ಉತ್ತರ ಹುಡುಕಿದವರು ಓಟದ ಕುದುರೆ ಸಾಕುವವರು. ರೇಸಿನ ಜೂಜು ನಮಗೆ ಬೇಡ. ಅವರು ತಳಿ ಆರಿಸುವ ಕ್ರಮದಿಂದ ನಾವು ಏನು ಕಲಿಯಬಹುದು ಎಂಬುದಷ್ಟೇ ಈ ಪಾಠ.

ಕುಣಿಗಲ್‌ನ ಕುದುರೆ, ಮೈಸೂರಿನ ದನ

ಟಿಪ್ಪು ಸುಲ್ತಾನ್ ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲಿ. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ತುಮಕೂರು ಸೀಮೆಯ ಕುಣಿಗಲ್‌ನಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕುತ್ತಿದ್ದರು. 1799ರ ನಂತರ ಅದು ಬ್ರಿಟಿಷರ ಕೈ ಸೇರಿ, ಮುಂದೆ ಥರೋಬ್ರೆಡ್ ಎಂಬ ಓಟದ ತಳಿಯನ್ನು ಹುಟ್ಟಿಸುವ ಪ್ರಸಿದ್ಧ ಫಾರಂ ಆಯಿತು.

ಅದೇ ಮೈಸೂರು ಸಂಸ್ಥಾನದಲ್ಲಿ ದನಗಳ ಆಯ್ಕೆಯೂ ನಡೆದಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲಕ್ಕೆ 'ಅಮೃತಮಹಲ್' ಎಂದು ಹೆಸರಾಯಿತು. ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಹೊತ್ತು ವೇಗವಾಗಿ ನಡೆಯಲು ಆ ದನಗಳನ್ನು ಆರಿಸಿದರು. ಆದ್ದರಿಂದ ಅಮೃತಮಹಲ್ ಎತ್ತು ನಡಿಗೆಗೆ, ತಾಳ್ಮೆಗೆ ಹೆಸರಾಯಿತು; ಅದರ ಹಸು ಮಾತ್ರ ತನ್ನ ಕರುವಿಗೆ ಸಾಕಾಗುವುದಕ್ಕಿಂತ ಹೆಚ್ಚು ಹಾಲು ಕೊಡಲಿಲ್ಲ. ಇದು ದನದ ದೋಷವಲ್ಲ. ಹತ್ತಾರು ತಲೆಮಾರು ಯಾವ ಗುಣಕ್ಕಾಗಿ ಆರಿಸುತ್ತೇವೆಯೋ ಆ ಗುಣ ಬೆಳೆಯುತ್ತದೆ. ಕೇಳದ ಗುಣ ತಾನಾಗಿ ಬರುವುದಿಲ್ಲ. ಇದು ಮೊದಲನೆಯ ಪಾಠ.

ವಂಶದ ಪುಸ್ತಕ

ಜಗತ್ತಿನ ಥರೋಬ್ರೆಡ್ ಕುದುರೆಗಳೆಲ್ಲ ತಂದೆಯ ಕಡೆಯಿಂದ ಮೂರೇ ಕುದುರೆಗಳ ಸಂತತಿ. 17ನೆಯ ಶತಮಾನದ ಕೊನೆ ಮತ್ತು 18ನೆಯ ಶತಮಾನದ ಮೊದಲಲ್ಲಿ ಪೂರ್ವದ ನಾಡುಗಳಿಂದ ಇಂಗ್ಲೆಂಡಿಗೆ ತಂದ ಆ ಕುದುರೆಗಳ ಹೆಸರು ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್ ಮತ್ತು ಗೊಡಾಲ್ಫಿನ್ ಅರೇಬಿಯನ್. 1791ರಲ್ಲಿ ಇಂಗ್ಲೆಂಡಿನಲ್ಲಿ ಈ ತಳಿಯ ವಂಶಾವಳಿಯ ಪುಸ್ತಕ ಅಚ್ಚಾಯಿತು. ಅಂದಿನಿಂದ ತಂದೆ ತಾಯಿಯ ಹೆಸರು ಪುಸ್ತಕದಲ್ಲಿ ಇಲ್ಲದ ಮರಿಯನ್ನು ಥರೋಬ್ರೆಡ್ ಎಂದು ಒಪ್ಪುವ ರೂಢಿ ಇಲ್ಲ. ಈಗಂತೂ ಡಿ.ಎನ್.ಎ. ಪರೀಕ್ಷೆಯಿಂದ ತಂದೆ ತಾಯಿ ಖಚಿತವಾದ ಮೇಲೆಯೇ ಮರಿಯ ಹೆಸರು ದಾಖಲಾಗುತ್ತದೆ. ಭಾರತದಲ್ಲೂ ಇದೇ ಕ್ರಮ.

ಈಗ ನಿಮ್ಮ ಕೊಟ್ಟಿಗೆಯ ಕಡಸನ್ನು ನೋಡಿ. ಅದರ ತಾಯಿ ಯಾವುದೆಂದು ನಿಮಗೆ ಗೊತ್ತು. ಅದರ ತಂದೆ ಹೋರಿಯ ಸಂಖ್ಯೆ ಗೊತ್ತೇ? ಗೊತ್ತಿಲ್ಲದಿದ್ದರೆ ಆ ಕಡಸಿನ ಅರ್ಧ ವಂಶ ಕತ್ತಲಲ್ಲಿದೆ ಎಂದೇ ತಿಳಿಯಬೇಕು.

ಗೆಲುವು ಎಷ್ಟು ಹುಟ್ಟಿನಿಂದ, ಎಷ್ಟು ಸಾಕಣೆಯಿಂದ?

ಒಂದು ಕುದುರೆ ಓಟದಲ್ಲಿ ಮೊದಲು ಬಂದರೆ ಅದಕ್ಕೆ ಕಾರಣ ಹಲವು. ಮೇವು ಮತ್ತು ತರಬೇತಿ ಚೆನ್ನಾಗಿದ್ದಿರಬಹುದು. ಸವಾರ ಚತುರನಿದ್ದಿರಬಹುದು. ಜೊತೆಯಲ್ಲಿ ಓಡಿದವು ದುರ್ಬಲವಾಗಿದ್ದಿರಬಹುದು. ಆದ್ದರಿಂದ ಬರೀ ಗೆಲುವನ್ನು ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ.

ಇದಕ್ಕೆ ರೇಸಿನವರು ಒಂದು ಉಪಾಯ ಕಂಡುಕೊಂಡರು. ಹಿಂದೆ ಚೆನ್ನಾಗಿ ಓಡಿದ ಕುದುರೆಯ ಬೆನ್ನಿಗೆ ಹೆಚ್ಚು ಭಾರ, ಹಿಂದುಳಿದದ್ದಕ್ಕೆ ಕಡಿಮೆ ಭಾರ ಹೊರಿಸಿ ಓಡಿಸುತ್ತಾರೆ. ಹೊತ್ತ ಭಾರ, ವಯಸ್ಸು, ಓಟದ ದೂರ, ಎದುರಾಳಿಗಳ ಮಟ್ಟ ಎಲ್ಲವನ್ನೂ ಗಣಿಸಿ ಪ್ರತಿ ಕುದುರೆಗೆ ಒಂದು ಅಂಕ ಕೊಡುತ್ತಾರೆ. ಇಂಗ್ಲೆಂಡಿನ ಟೈಮ್‌ಫಾರ್ಮ್ ಎಂಬ ಸಂಸ್ಥೆ 1948ರಿಂದ ಇಂತಹ ಅಂಕಗಳನ್ನು ಪ್ರಕಟಿಸುತ್ತಾ ಬಂದಿದೆ. ಡಬ್ಲಿನ್‌ನ ವಿಜ್ಞಾನಿಗಳಾದ ಗ್ಯಾಫ್ನಿ ಮತ್ತು ಕನ್ನಿಂಗ್‌ಹ್ಯಾಮ್ 1988ರಲ್ಲಿ ಸಾವಿರಾರು ಕುದುರೆಗಳ ಇಂತಹ ಅಂಕಗಳನ್ನು ವಂಶಾವಳಿಯ ಜೊತೆ ಹೋಲಿಸಿ ಲೆಕ್ಕ ಹಾಕಿದರು. ಕುದುರೆ ಕುದುರೆಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಹುಟ್ಟಿನಿಂದ ಬಂದದ್ದು ಎಂದು ಕಂಡುಬಂತು. ಉಳಿದ ಎರಡು ಭಾಗ ಸಾಕಣೆ, ತರಬೇತಿ, ಸಂದರ್ಭಗಳಿಗೆ ಸೇರಿದ್ದು.

ಹೀಗೆ ಹುಟ್ಟಿನಿಂದ ಬರುವ ಪಾಲಿಗೆ 'ಅನುವಂಶೀಯತೆಯ ಪ್ರಮಾಣ' ಎನ್ನುತ್ತಾರೆ. ಹಸುಗಳಲ್ಲಿ ಹಾಲಿನ ಇಳುವರಿಗೆ ಇದು ಸುಮಾರು ಶೇಕಡಾ 25ರಿಂದ 30. ಹಾಲಿನ ಜಿಡ್ಡಿನ ಅಂಶಕ್ಕೆ ಇದಕ್ಕಿಂತ ಹೆಚ್ಚು. ಗರ್ಭ ಕಟ್ಟುವ ಗುಣಕ್ಕೆ ಶೇಕಡಾ 5ಕ್ಕಿಂತಲೂ ಕಡಿಮೆ. ಆದ್ದರಿಂದ ಹಸು ಪದೇ ಪದೇ ಬೆದೆಗೆ ಬರುತ್ತಿದ್ದರೆ ಮೊದಲು ಮೇವು, ಖನಿಜ ಮಿಶ್ರಣ, ಬೆದೆಯ ಸಮಯ, ಗರ್ಭಕೋಶದ ಆರೋಗ್ಯ ನೋಡಬೇಕು.

ಒಂದು ಲೆಕ್ಕ

ನಿಮ್ಮ ಊರಿನಲ್ಲಿ ಒಂದೇ ಬಗೆಯ ಮೇವು ತಿನ್ನುವ, ಅದೇ ಸೂಲಿನ ಹಸುಗಳ ಸರಾಸರಿ ದಿನಕ್ಕೆ 9 ಲೀಟರ್ ಎಂದುಕೊಳ್ಳಿ. ನಿಮ್ಮ ಹಸು 14 ಲೀಟರ್ ಕೊಡುತ್ತದೆ. ವ್ಯತ್ಯಾಸ 5 ಲೀಟರ್. ಇದರಲ್ಲಿ ಹುಟ್ಟಿನ ಪಾಲು ಶೇಕಡಾ 25 ಎಂದರೆ 1.25 ಲೀಟರ್. ತಾಯಿ ತನ್ನ ಗುಣದ ಅರ್ಧವನ್ನು ಮಾತ್ರ ಕರುವಿಗೆ ಕೊಡುತ್ತಾಳೆ. ಹಾಗಾದರೆ ಮಗಳಲ್ಲಿ ನಿರೀಕ್ಷಿಸಬಹುದಾದ ಹೆಚ್ಚಳ ದಿನಕ್ಕೆ ಸುಮಾರು 0.6 ಲೀಟರ್, 305 ದಿನಗಳ ಒಂದು ಸೂಲಿಗೆ ಸುಮಾರು 190 ಲೀಟರ್.

"14 ಲೀಟರ್ ಹಸುವಿನ ಮಗಳು, 14 ಲೀಟರ್ ಕೊಡುತ್ತಾಳೆ" ಎಂದು ಹೆಚ್ಚು ಬೆಲೆ ಕೊಟ್ಟು ಕರು ಕೊಂಡವರು ನಿರಾಶರಾಗುವುದು ಈ ಕಾರಣಕ್ಕೆ. ಹಾಗೆಂದು 190 ಲೀಟರ್ ಕಡಿಮೆಯೇನಲ್ಲ. ಅದು ಪ್ರತಿ ಸೂಲಿನಲ್ಲೂ ಬರುತ್ತದೆ, ಮುಂದಿನ ತಲೆಮಾರಿಗೂ ಒಂದು ಪಾಲು ಹೋಗುತ್ತದೆ. ಉಳಿದ ಅರ್ಧ ಬರಬೇಕಾದದ್ದು ತಂದೆಯಿಂದ.

ಸೆಕ್ರೆಟೇರಿಯಟ್‌ನ ಕಥೆ

ಅಮೆರಿಕದಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಇತ್ತು. 1973ರಲ್ಲಿ ಆ ದೇಶದ ಮೂರು ದೊಡ್ಡ ಓಟಗಳನ್ನೂ ಗೆದ್ದಿತು. ಕೊನೆಯ ಓಟದಲ್ಲಿ ಎರಡನೆಯ ಕುದುರೆಗಿಂತ 31 ಕುದುರೆಗಳ ಉದ್ದದಷ್ಟು ಮುಂದಿತ್ತು. ಆ ಓಟದ ವೇಳೆಯನ್ನು ಇಂದಿಗೂ ಯಾವ ಕುದುರೆಯೂ ಮುರಿದಿಲ್ಲ. ಅದನ್ನು ಬೀಜದ ಕುದುರೆಯಾಗಿ ಬಿಟ್ಟಾಗ ಎಲ್ಲರೂ ಅಂತಹವೇ ಗಂಡು ಮರಿಗಳನ್ನು ನಿರೀಕ್ಷಿಸಿದರು. ಒಳ್ಳೆಯ ಮರಿಗಳು ಹುಟ್ಟಿದವು, ತಂದೆಗೆ ಸಮನಾದದ್ದು ಒಂದೂ ಹುಟ್ಟಲಿಲ್ಲ. ಆದರೆ ಅದರ ಹೆಣ್ಣು ಮಕ್ಕಳ ಹೊಟ್ಟೆಯಲ್ಲಿ ಸ್ಟಾರ್ಮ್ ಕ್ಯಾಟ್, ಎ.ಪಿ. ಇಂಡಿ ಎಂಬ ಕುದುರೆಗಳು ಹುಟ್ಟಿ, ಅಮೆರಿಕದ ಅತಿ ಬೆಲೆಬಾಳುವ ಬೀಜದ ಕುದುರೆಗಳಾದವು. ಸೆಕ್ರೆಟೇರಿಯಟ್‌ನ ನಿಜವಾದ ಬೆಲೆ ಹೆಣ್ಣು ಮಕ್ಕಳ ಮೂಲಕ ತಿಳಿಯಿತು. ಅದನ್ನು ತಿಳಿಸಿದ್ದು ಕಣ್ಣಂದಾಜಲ್ಲ, ವಂಶದ ಪುಸ್ತಕ ಮತ್ತು ಓಟದ ದಾಖಲೆ.

ಕುದುರೆಗಾದರೋ ತಾನೇ ಓಡಿ ತೋರಿಸುವ ಅವಕಾಶವಿದೆ. ಹೋರಿಗೆ ಅದೂ ಇಲ್ಲ. ಹೋರಿ ಎಷ್ಟೇ ಮೈಕಟ್ಟಿನದಾದರೂ ಒಂದು ಹನಿ ಹಾಲು ಕೊಡುವುದಿಲ್ಲ. ಅದರ ಹಾಲಿನ ಗುಣವನ್ನು ತಾಯಿ, ಅಕ್ಕತಂಗಿಯರು, ಮುಖ್ಯವಾಗಿ ಹೆಣ್ಣು ಮಕ್ಕಳ ಹಾಲಿನಿಂದ ಮಾತ್ರ ತಿಳಿಯಬೇಕು. ಹಾಗಾಗಿ ರೇಸಿನವರಿಗಿಂತಲೂ ಹೆಚ್ಚು ದಾಖಲೆ ಬೇಕಾಗಿರುವುದು ನಮಗೆ.

ಸಂತತಿ ಪರೀಕ್ಷೆ ಎಂದರೇನು?

ಆರಿಸಿದ ಎಳೆಯ ಹೋರಿಯ ವೀರ್ಯವನ್ನು ಅನೇಕ ಹಳ್ಳಿಗಳ ಹಸುಗಳಿಗೆ ಹಂಚುತ್ತಾರೆ. ಹುಟ್ಟಿದ ಹೆಣ್ಣು ಕರುಗಳಿಗೆ ಓಲೆ ಹಾಕಿ, ಅವು ಬೆಳೆದು ಕರು ಹಾಕಿದ ಮೇಲೆ ಮೊದಲ ಸೂಲಿನ ಹಾಲನ್ನು ತಿಂಗಳಿಗೊಮ್ಮೆ ಅಳೆಯುತ್ತಾರೆ. ಆ ಹೆಣ್ಣು ಮಕ್ಕಳನ್ನು ಅದೇ ಊರಿನ, ಅದೇ ಕಾಲದಲ್ಲಿ ಕರು ಹಾಕಿದ ಬೇರೆ ಹೋರಿಗಳ ಮಕ್ಕಳೊಂದಿಗೆ ಹೋಲಿಸುತ್ತಾರೆ. ರಾಷ್ಟ್ರೀಯ ಹೈನು ಯೋಜನೆಯ ಮೊದಲ ಹಂತದಲ್ಲಿ, ಅಂದರೆ 2011-12ರಿಂದ 2018-19ರವರೆಗೆ, ನಮ್ಮ ದೇಶದ ಹಲವು ರಾಜ್ಯಗಳಲ್ಲಿ ಈ ಕೆಲಸ ನಡೆಯಿತು.

ಹೋಲಿಕೆ ಏಕೆ ಮುಖ್ಯ ಎಂಬುದನ್ನು ನೀವೇ ಹೇಳಿ. 'ಅ' ಹೋರಿಯ ಹೆಣ್ಣು ಮಕ್ಕಳ ಸರಾಸರಿ 11 ಲೀಟರ್. ಅವು ಇರುವುದು ಕೊಳವೆ ಬಾವಿ, ನೇಪಿಯರ್ ಹುಲ್ಲು ಇರುವ ಊರಿನಲ್ಲಿ. ಅಲ್ಲಿನ ಬೇರೆ ಹಸುಗಳ ಸರಾಸರಿ 10.5 ಲೀಟರ್. 'ಆ' ಹೋರಿಯ ಹೆಣ್ಣು ಮಕ್ಕಳ ಸರಾಸರಿ 9 ಲೀಟರ್. ಅವು ಇರುವುದು ರಾಗಿ ಹುಲ್ಲನ್ನೇ ನಂಬಿದ ಒಣ ಊರಿನಲ್ಲಿ. ಅಲ್ಲಿನ ಬೇರೆ ಹಸುಗಳ ಸರಾಸರಿ 7.5 ಲೀಟರ್. ಯಾವ ಹೋರಿ ಮೇಲು? ಮೊದಲನೆಯದರ ಮಕ್ಕಳು ಓರಗೆಯವರಿಗಿಂತ ಅರ್ಧ ಲೀಟರ್ ಮುಂದೆ, ಎರಡನೆಯದರ ಮಕ್ಕಳು ಒಂದೂವರೆ ಲೀಟರ್ ಮುಂದೆ. ಈ ಲೆಕ್ಕದಲ್ಲಿ 'ಆ' ಹೋರಿಯೇ ಮೇಲು. ಕುದುರೆಯ ಬೆನ್ನಿನ ಭಾರವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆಯೇ ಇದು.

ಎಷ್ಟು ಹೆಣ್ಣು ಮಕ್ಕಳನ್ನು ಅಳೆದರೆ ಹೋರಿಯನ್ನು ಎಷ್ಟು ನಂಬಬಹುದು? ಅನುವಂಶೀಯತೆ ಶೇಕಡಾ 25 ಎಂದು ಹಿಡಿದರೆ ಲೆಕ್ಕ ಹೀಗಿದೆ:

5 ಹೆಣ್ಣು ಮಕ್ಕಳು: ನಂಬಿಕೆ ಶೇಕಡಾ 25
15 ಹೆಣ್ಣು ಮಕ್ಕಳು: ನಂಬಿಕೆ ಶೇಕಡಾ 50
60 ಹೆಣ್ಣು ಮಕ್ಕಳು: ನಂಬಿಕೆ ಶೇಕಡಾ 80

ಎರಡು ಮೂರು ಹಸು ಕಟ್ಟುವ ಯಾವ ರೈತನ ಕೊಟ್ಟಿಗೆಯಲ್ಲೂ ಒಂದೇ ಹೋರಿಯ 60 ಹೆಣ್ಣು ಮಕ್ಕಳು ಇರುವುದಿಲ್ಲ. 60 ಮನೆಗಳು ಸರಿಯಾಗಿ ಬರೆದಿಟ್ಟರೆ ಮಾತ್ರ ಒಂದು ಹೋರಿಯ ಬೆಲೆ ಗೊತ್ತಾಗುತ್ತದೆ. ಹಾಲು ಮಾರುವುದಕ್ಕೆ ಸಹಕಾರ ಹೇಗೆ ಬೇಕೋ ಹೋರಿ ಆರಿಸುವುದಕ್ಕೂ ಹಾಗೆಯೇ ಬೇಕು. ಒಬ್ಬರು ಸುಳ್ಳು ಅಳತೆ ಬರೆಸಿದರೆ ಅದರ ನಷ್ಟ ಆ ಹೋರಿಯ ವೀರ್ಯ ಹಾಕಿಸುವ ಎಲ್ಲರಿಗೂ ತಟ್ಟುತ್ತದೆ.

ಒಂದೇ ಹೋರಿಗೆ ಎಲ್ಲರೂ ಮುಗಿಬಿದ್ದರೆ

ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅನುಮತಿ ಇಲ್ಲ. ಆದ್ದರಿಂದ ಒಂದು ಗಂಡು ಕುದುರೆಯಿಂದ ವರ್ಷಕ್ಕೆ ಹುಟ್ಟುವ ಮರಿಗಳಿಗೆ ಮಿತಿ ಇದೆ. ಆದರೂ ಪುಸ್ತಕದ ಹೊರಗಿನ ರಕ್ತ ಸೇರದ ಕಾರಣ ಒಳಸಂಬಂಧ ಹೆಚ್ಚುತ್ತಾ ಬಂದಿದೆ. ಒಳಸಂಬಂಧ ಹೆಚ್ಚಿದ ಮರಿಗಳು ರೇಸಿಗೆ ಇಳಿಯುವ ಸಾಧ್ಯತೆಯೇ ಕಡಿಮೆ ಎಂದು 2022ರಲ್ಲಿ ಪ್ರಕಟವಾದ ಐರ್ಲೆಂಡಿನ ವಿಜ್ಞಾನಿಗಳ ಅಧ್ಯಯನ ತೋರಿಸಿತು.

ನಮ್ಮ ಹೋರಿಗಳಿಗೆ ಈ ಮಿತಿ ಇಲ್ಲ. ಒಂದು ಹೋರಿಯಿಂದ ವರ್ಷಕ್ಕೆ ಸಾವಿರಾರು ವೀರ್ಯ ನಳಿಕೆಗಳು ತಯಾರಾಗುತ್ತವೆ. ಗುಣವೂ ಸಾವಿರ ಪಾಲಾಗಿ ಹರಡುತ್ತದೆ, ದೋಷವೂ ಹಾಗೆಯೇ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಚೀಫ್' ಎಂಬ ಹೋಲ್‌ಸ್ಟೀನ್ ಹೋರಿಗೆ ಸುಮಾರು 16,000 ಹೆಣ್ಣು ಮಕ್ಕಳು. ಹಾಲು ಹೆಚ್ಚಿಸುವುದರಲ್ಲಿ ಅದು ಎತ್ತಿದ ಕೈ. ಆದರೆ ಅದರಲ್ಲಿ ಒಂದು ದೋಷ ಅಡಗಿತ್ತು. ತಂದೆ ತಾಯಿ ಎರಡೂ ಕಡೆಯಿಂದ ಆ ದೋಷ ಕೂಡಿದರೆ ಕರು ಗರ್ಭದಲ್ಲೇ ಸಾಯುತ್ತಿತ್ತು. ಇದು ಪತ್ತೆಯಾದದ್ದು 2011ರಲ್ಲಿ. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಗರ್ಭಗಳು ಹೋಗಿದ್ದವೆಂದು ವಿಜ್ಞಾನಿಗಳು ಅಂದಾಜು ಮಾಡಿದರು. ಹಸು ಮತ್ತೆ ಬೆದೆಗೆ ಬಂತು ಎಂದಷ್ಟೇ ರೈತರಿಗೆ ಕಾಣುತ್ತಿತ್ತು.

ಊರಿನ ಹೋರಿಯನ್ನು ಅದರ ಮಗಳಿಗೇ ಬಿಡುವುದು, ಅಥವಾ ತಾಯಿಗೆ ಹಾಕಿಸಿದ ಹೋರಿಯ ವೀರ್ಯವನ್ನೇ ಮಗಳಿಗೂ ಹಾಕಿಸುವುದು ಇದೇ ಅಪಾಯದ ದಾರಿ. ತಂದೆ ಮಗಳ ಕೂಡುವಿಕೆಯಿಂದ ಹುಟ್ಟುವ ಕರುವಿನಲ್ಲಿ ಒಳಸಂಬಂಧದ ಪ್ರಮಾಣ ಶೇಕಡಾ 25. ಅಂತಹ ಕರುಗಳಲ್ಲಿ ಬೆಳವಣಿಗೆ ಕುಂಠಿತವಾಗುವುದು, ಸಾವು, ಗರ್ಭ ನಿಲ್ಲದಿರುವುದು ಹೆಚ್ಚು.

ರಕ್ತ ಪರೀಕ್ಷೆಯಿಂದಲೇ ತಿಳಿಯಲಾಗದೇ?

2010ರಲ್ಲಿ ಡಬ್ಲಿನ್‌ನ ಎಮೆಲಿನ್ ಹಿಲ್ ಮತ್ತು ಸಂಗಡಿಗರು ಕುದುರೆಯ ಸ್ನಾಯುವಿಗೆ ಸಂಬಂಧಿಸಿದ ಒಂದು ವಂಶವಾಹಿಯನ್ನು ಗುರುತಿಸಿದರು. ಪತ್ರಿಕೆಗಳು ಅದನ್ನು 'ವೇಗದ ವಂಶವಾಹಿ' ಎಂದವು. ಕುದುರೆ ಹತ್ತಿರದ ಓಟಕ್ಕೆ ಸೂಕ್ತವೋ ದೂರದ ಓಟಕ್ಕೋ ಎಂಬುದನ್ನು ಅದು ಹೇಳುತ್ತದೆ. ಗೆಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ನಮ್ಮಲ್ಲಿ 'ಎ2 ಹೋರಿ' ಎಂಬ ಮಾತೂ ಹೀಗೆಯೇ. ಹಾಲಿನ ಒಂದು ಪ್ರೋಟೀನಿನ ಬಗೆಯನ್ನು ಅದು ತಿಳಿಸುತ್ತದೆ, ಮಗಳು ಎಷ್ಟು ಲೀಟರ್ ಕೊಡುತ್ತಾಳೆ ಎಂಬುದನ್ನಲ್ಲ. ಹಾಲಿನ ಇಳುವರಿ ನೂರಾರು ವಂಶವಾಹಿಗಳ ಒಟ್ಟು ಕೆಲಸ.

ಈ ವಂಶವಾಹಿಗಳ ಗುರುತುಗಳನ್ನು ಒಟ್ಟಿಗೆ ಓದುವ ವಿಧಾನವೂ ಬಂದಿದೆ. ಅಮೆರಿಕದಲ್ಲಿ 2009ರಿಂದ ಹೋರಿಗಳ ಮೌಲ್ಯಮಾಪನಕ್ಕೆ ಇದು ಬಳಕೆಯಲ್ಲಿದೆ. ಭಾರತದಲ್ಲಿ 2024ರ ಅಕ್ಟೋಬರ್‌ನಲ್ಲಿ ದನಗಳಿಗೆ 'ಗೌ ಚಿಪ್', ಎಮ್ಮೆಗಳಿಗೆ 'ಮಹಿಷ್ ಚಿಪ್' ಬಿಡುಗಡೆಯಾಯಿತು. ಆರೇಳು ವರ್ಷ ಕಾಯದೆ, ಕರುವಿದ್ದಾಗಲೇ ಹೋರಿಯ ಗುಣವನ್ನು ಅಂದಾಜು ಮಾಡಲು ಇದು ನೆರವಾಗುತ್ತದೆ. ಆದರೆ ಯಾವ ಗುರುತಿಗೆ ಎಷ್ಟು ಹಾಲು ಎಂದು ಚಿಪ್ಪಿಗೆ ಕಲಿಸುವುದು ಹಳ್ಳಿಯ ಹಸುಗಳ ಅಳತೆಯೇ. ಅದರಲ್ಲೂ ನಮ್ಮ ಬಿಸಿಲು, ನಮ್ಮ ರಾಗಿ ಹುಲ್ಲಿನಲ್ಲಿ ಯಾವ ಹೋರಿಯ ಮಕ್ಕಳು ನಿಲ್ಲುತ್ತಾರೆ ಎಂಬುದನ್ನು ತಣ್ಣನೆಯ ದೇಶದ ದಾಖಲೆ ಪೂರ್ತಿ ಹೇಳಲಾರದು.

ನೀವು ಮಾಡಬೇಕಾದದ್ದು

1. ಕೃತಕ ಗರ್ಭಧಾರಣೆ ಮಾಡಿಸುವಾಗ ಹೋರಿಯ ಸಂಖ್ಯೆ ಕೇಳಿ. ಹೆಸರಘಟ್ಟದ ಕೇಂದ್ರಗಳಿಂದ ಬರಲಿ, ಬೇರೆಡೆಯಿಂದ ಬರಲಿ, ವೀರ್ಯ ನಳಿಕೆಯ ಮೇಲೆ ಹೋರಿಯ ಸಂಖ್ಯೆ ಮತ್ತು ತಳಿ ಅಚ್ಚಾಗಿರುತ್ತದೆ. ದಿನಾಂಕದೊಂದಿಗೆ ಬರೆದುಕೊಳ್ಳಿ.

2. ಕರು ಹುಟ್ಟಿದ ದಿನವೇ ತಾಯಿಯ ಓಲೆಯ 12 ಅಂಕಿಗಳು, ತಂದೆಯ ಸಂಖ್ಯೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಕಡಸನ್ನು ಮಾರುವಾಗ ಈ ಚೀಟಿಯನ್ನೂ ಕೊಡಿ.

3. ಕಡಸು ಬೆದೆಗೆ ಬಂದಾಗ ಅದರ ತಂದೆಯ ಸಂಖ್ಯೆ ನೋಡಿ, ಬೇರೆ ಹೋರಿಯ ವೀರ್ಯವನ್ನೇ ಹಾಕಿಸಿ.

4. ಸಂಘದ ಪಾಸ್ ಪುಸ್ತಕದಲ್ಲಿರುವುದು ನಿಮ್ಮ ಮನೆಯ ಒಟ್ಟು ಹಾಲು. ಯಾವ ಹಸುವಿನದು ಎಷ್ಟು ಎಂದು ಅದು ಹೇಳುವುದಿಲ್ಲ. ತಿಂಗಳಿಗೆ ಒಂದು ದಿನ, ಬೆಳಿಗ್ಗೆ ಮತ್ತು ಸಂಜೆ, ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆ ಅಳೆಯಿರಿ. ಕರು ಕುಡಿದದ್ದನ್ನೂ, ಮನೆಗೆ ಇಟ್ಟುಕೊಂಡದ್ದನ್ನೂ ಸೇರಿಸಿ.

5. ಹತ್ತು ತಿಂಗಳ ಹತ್ತು ಅಳತೆಗಳನ್ನು ಕೂಡಿ 30.5ರಿಂದ ಗುಣಿಸಿ. ಉದಾಹರಣೆಗೆ 12, 13, 12, 11, 10, 9, 8, 7, 6, 5 ಲೀಟರ್ ಆದರೆ ಒಟ್ಟು 93. ಅದನ್ನು 30.5ರಿಂದ ಗುಣಿಸಿದರೆ ಆ ಸೂಲಿನ ಇಳುವರಿ ಸುಮಾರು 2,836 ಲೀಟರ್. ಯಾವ ಹಸುವಿನ ಕರು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಈ ಅಂಕಿಯೇ ಆಧಾರ.

6. ಹಾಲು ದಾಖಲಾತಿಗೆ ಬರುವವರಿಗೆ ಇದ್ದ ಅಳತೆಯನ್ನೇ ಬರೆಸಿ. ಹೆಚ್ಚು ಹೇಳಿದರೂ ನಷ್ಟ, ಕಡಿಮೆ ಹೇಳಿದರೂ ನಷ್ಟ.

ಇವಕ್ಕೆಲ್ಲ ಬೇಕಾಗಿರುವುದು ಒಂದು ನೋಟು ಪುಸ್ತಕ, ಒಂದು ಲೀಟರ್ ಅಳತೆ, ತಿಂಗಳಿಗೆ ಒಂದು ದಿನದ ಗಮನ. ಮನೆಯಲ್ಲಿ ಹಾಲು ಕರೆಯುವವರು ಹೆಚ್ಚಾಗಿ ಹೆಣ್ಣು ಮಕ್ಕಳು. ಯಾವ ಹಸುವಿನ ಗುಣ ಎಂಥದ್ದೆಂದು ಅವರಿಗೆ ಚೆನ್ನಾಗಿ ಗೊತ್ತು. ಪುಸ್ತಕ ಅವರ ಕೈಯಲ್ಲೇ ಇರಲಿ. ಬರುವ ತಿಂಗಳ ಒಂದನೆಯ ತಾರೀಖಿನಿಂದ ಆರಂಭಿಸಿದರೆ, ಈ ವರ್ಷ ಹುಟ್ಟುವ ಕರುಗಳು ಹಾಲು ಕೊಡುವ ಹೊತ್ತಿಗೆ ನಿಮ್ಮ ಕೊಟ್ಟಿಗೆಗೂ ಒಂದು ವಂಶದ ಪುಸ್ತಕ ಸಿದ್ಧವಾಗಿರುತ್ತದೆ.